ಹೊಲಿದ ಸೆರಗಿನ ಹಂಗಾಮು

ಕಳೆದ ತಿಂಗಳು ನಿಪ್ಪಾಣಿಯಲ್ಲಿ ಒಂದು ಮದುವೆ. ಹೊಸ ಮಂಗಲ ಕಾರ್ಯಾಲಯ, ಗೋಡೆಗೆಲ್ಲ ಗುಲಾಬಿ ಬಣ್ಣ, ಜರಿಯ ಪರದೆ, ಮೂಲೆಗೊಂದು ಕೂಲರ್. ಒಳಗೆ ಕಾಲಿಟ್ಟು ಇನ್ನೂ ಕುರ್ಚಿ ಹುಡುಕುತ್ತಿರುವಾಗಲೇ ನನಗೆ ಸೀನು ಬಂತು. ಒಂದರ ಹಿಂದೊಂದು ಮೂರು. ಹಿಂದಿನಿಂದ ಯಾರೋ, "ಅಯ್ಯ ಯವ್ವಾ, ಅಕ್ಕಿಕಾಳ ಬೀಳೂ ಹೊತ್ತಿನ್ಯಾಗ ಸೀನ್ತಾಳಲ್ಲ" ಎಂದು ಗೊಣಗಿದರು. ನಾನು ತಿರುಗಿ ಹಲ್ಲು ಬಿಟ್ಟೆ. ಆ ಸೀನಿಗೆ ನಾನು ಹೊಣೆಯಲ್ಲ, ಗೋಡೆ ಹೊಣೆ. ಈ ಕಾರ್ಯಾಲಯ ಮೊದಲು ತಂಬಾಕಿನ ಗೋದಾಮಾಗಿತ್ತು. ಎಷ್ಟು ಬಣ್ಣ ಬಳಿದರೂ ಆ ಘಾಟು ಹೋಗಿಲ್ಲ.

ನನ್ನ ಪಕ್ಕದಲ್ಲಿ ಅಲಖನೂರಿನ ಹೆಂಗಸೊಬ್ಬರು ಕೂತಿದ್ದರು. ಪರಿಚಯವಿಲ್ಲ, ಆದರೂ ಅರ್ಧ ಗಂಟೆಯಲ್ಲಿ ಸೊಸೆಯ ಹೆರಿಗೆಯಿಂದ ಹಿಡಿದು ಬೋರಿನ ನೀರಿನ ತನಕ ಎಲ್ಲ ಮಾತಾಡಿದ್ದೆವು. ಅಕ್ಷತೆ ಮುಗಿದು ಉಡಿ ತುಂಬುವ ತಾಟು ಹೊರಟಿತು. ಬೀಗರ ಮನೆಯ ಹುಡುಗಿಯೊಬ್ಬಳು ಸಾಲಿನ ಆ ತುದಿಯಿಂದ ಒಬ್ಬೊಬ್ಬ ಮುತ್ತೈದೆಯ ಸೆರಗಿಗೂ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕುತ್ತ ಬರುತ್ತಿದ್ದಳು. ಅದನ್ನು ನೋಡಿದ್ದೇ ತಡ, ಅಲಖನೂರಿನವರು ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ನೀರ ಕುಡದ ಬರ್ತೀನ್ರಿ" ಎಂದು ಚಪ್ಪಲಿಗೆ ಕಾಲು ಹಾಕಿದರು.

ಆ ನೀರಡಿಕೆ ನನಗೆ ಚೆನ್ನಾಗಿ ಗೊತ್ತು. ಗಂಡ ಇಲ್ಲದವಳಿಗೆ ಉಡಿ ತುಂಬುವುದಿಲ್ಲ. ತಾಟು ನಮ್ಮ ಮುಂದೆ ಬಂದು, ಒಂದು ಗಳಿಗೆ ತಡವರಿಸಿ, ನಮ್ಮನ್ನು ಬಿಟ್ಟು ಮುಂದಿನವಳ ಕಡೆ ಹೋಗುವುದನ್ನು ನಾಲ್ಕು ಜನ ನೋಡುವುದಕ್ಕಿಂತ, ಅದು ಬರುವ ಮೊದಲೇ ಎದ್ದುಬಿಡುವುದು ವಾಸಿ ಅನಿಸುತ್ತದೆ. ನನ್ನ ಗಂಡ ತೀರಿಕೊಂಡ ಮೇಲೆ ಕಂಡವರ ಮದುವೆಯಲ್ಲಿ ನಾನು ಕುಡಿದ ನೀರಿನಲ್ಲಿ ಒಂದು ಕಬ್ಬಿನ ಹೊಲ ನೆನೆಯುತ್ತಿತ್ತು. ಅಂಗಡಿಯಲ್ಲಿ ಗಿರಾಕಿಗಳ ಜೊತೆ ಜಗಳಕ್ಕೆ ನಿಂತರೆ ಹಿಂದೆ ಸರಿಯದವಳು ನಾನು. ಈ ತಾಟಿನ ಮುಂದೆ ಮಾತ್ರ ಕಳ್ಳಿಯ ಹಾಗೆ ಜಾಗ ಖಾಲಿ ಮಾಡುತ್ತಿದ್ದೆ. ಅದು ನಿಂತದ್ದು ಇದೇ ಗೋದಾಮಿನಲ್ಲಿ, ಒಂದು ಕಬ್ಬಿನ ಹಂಗಾಮಿನಲ್ಲಿ.

ನಾನು ಚಿಕ್ಕೋಡಿಯಲ್ಲಿ ಹೆಣ್ಣುಮಕ್ಕಳ ಬಟ್ಟೆ ಹೊಲಿಯುವವಳು. ಆ ವರ್ಷ ದೀಪಾವಳಿ ಮುಗಿದು ಸಕ್ಕರೆ ಕಾರ್ಖಾನೆಗಳು ಶುರುವಾಗಿದ್ದವು. ರಸ್ತೆಯ ತುಂಬ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು, ಗಾಳಿಯಲ್ಲಿ ಕಾಕಂಬಿಯ ಹುಳಿಸಿಹಿ ವಾಸನೆ. ಒಂದು ಮಧ್ಯಾಹ್ನ ಖಾಲಿ ಟ್ರೇಲರ್‌ನ ಟ್ರ್ಯಾಕ್ಟರೊಂದು ನನ್ನ ಅಂಗಡಿಯ ಮುಂದೆಯೇ ನಿಂತಿತು. ಹಾಡು ಬಂದ್ ಮಾಡಿ ಡ್ರೈವರ್ ಕೆಳಗಿಳಿದ. ಬಾಗಿಲು ತುಂಬುವ ಭುಜ, ಕಬ್ಬಿನ ಗರಿ ಕೊಯ್ದ ಕೈ, ಆದರೆ ಹುಬ್ಬು ನೋಡಿದರೆ ದಾರ ಹಾಕಿ ತಿದ್ದಿದ ಹುಬ್ಬು.

"ಅಕ್ಕಾರ, ಒಂದ ನೌವಾರಿ ಸೀರಿ ಹೊಲಿಯೂದೈತ್ರಿ. ರೆಡಿಮೇಡ್ ಥರಾ, ಹಂಗ ಕಾಲ ಹಾಕಿ ಏರಿಸ್ಕೊಳ್ಳೂವಂಥಾದ್ದು."

"ಯಾರಿಗೆಪಾ? ಹೆಂಡ್ತೀನ ಕರಕೊಂಡ ಬಾ. ಅಳತಿ ಇಲ್ದ ನಾ ಹೊಲಿಯಾಂಗಿಲ್ಲ."

"ಹೆಂಡ್ತಿ ಇಲ್ರಿ. ನನಗ್ರಿ."

ಕಾಜಾ ಮಾಡುತ್ತ ಕೂತಿದ್ದ ನನ್ನ ಇಬ್ಬರು ಹುಡುಗಿಯರು ಬಾಯಿಗೆ ಬಟ್ಟೆ ತುರುಕಿಕೊಂಡು ನಗತೊಡಗಿದರು. ಅವನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹೆಸರು ವಿಶ್ವನಾಥ, ಊರು ಶಿರಗುಪ್ಪಿ. ನಿಪ್ಪಾಣಿಯ ಆ ತಂಬಾಕಿನ ಗೋದಾಮಿನಲ್ಲಿ ನಡೆಯುವ ದತ್ತೂಮಾಮಾನ ಕ್ಲಬ್ಬಿನಲ್ಲಿ ಶನಿವಾರಕ್ಕೊಮ್ಮೆ ಲಾವಣಿ ಕುಣಿಯುತ್ತಾನೆ. ಅಲ್ಲಿ ಕುಣಿಯುವ ಐದೂ ಜನ ಗಂಡಸರೇ, ಸೀರೆ ಉಟ್ಟು, ಕುಂಕುಮ ಇಟ್ಟು, ಮಲ್ಲಿಗೆ ಮುಡಿದು. ಸ್ಟೇಜಿನ ಮೇಲೆ ಇವನ ಹೆಸರು ಚಂಪಾ.

"ನಿಪ್ಪಾಣ್ಯಾಗ ಟೇಲರ್ ಸತ್ತಾರೇನು? ಇಲ್ಲೀತನಕಾ ಬಂದೀಯಲ್ಲ?"

"ಲೇಡೀಸ್ ಟೇಲರಗೋಳು ಗಂಡಸರ ಮೈಗೆ ಟೇಪ ಹಚ್ಚಾಂಗಿಲ್ಲ ಅಂತಾರ್ರಿ. ಜೆಂಟ್ಸ್ ಟೇಲರಗೋಳು ಸೀರಿ ಗೊತ್ತಿಲ್ಲ ಅಂತಾರ. ನಡುವ ನಾ ಎಲ್ಲಿ ಹೋಗ್ಲ್ರಿ?"

ನನಗೆ ಸಿಟ್ಟು ಬಂತು, ಅವನ ಮೇಲಲ್ಲ, ಆ ಟೇಲರ್‌ಗಳ ಮೇಲೆ. ಎದ್ದು ಟೇಪ್ ತೆಗೆದುಕೊಂಡೆ. "ಕೈ ಮ್ಯಾಲ ಮಾಡು" ಎಂದೆ. ಹುಡುಗಿಯರ ನಗು ನಿಂತಿತು.

ಹೀಗೆ ಆ ಹಂಗಾಮಿನುದ್ದಕ್ಕೂ ನಾನು ಕ್ಲಬ್ಬಿನ ಟೇಲರಳಾದೆ. ಒಬ್ಬನದು ಮುಗಿದ ಮೇಲೆ ಇನ್ನೊಬ್ಬ ಬಂದ. ಹಗಲು ಒಬ್ಬ ಬಸ್ಸಿನ ಕಂಡಕ್ಟರ್, ಒಬ್ಬ ಹಾಲಿನ ಡೇರಿಯಲ್ಲಿ, ಇನ್ನಿಬ್ಬರು ಮಗ್ಗದಲ್ಲಿ. ಅಳತೆ ಕೊಡುವಾಗ ಎಲ್ಲರೂ ನಾಚುತ್ತಿದ್ದರು, ವಿಶ್ವನೊಬ್ಬನೇ ಕನ್ನಡಿಯ ಮುಂದೆ ಸುತ್ತಿ ಸುತ್ತಿ ನೋಡಿಕೊಂಡು ತಕರಾರು ತೆಗೆಯುತ್ತಿದ್ದ. ಬರುವಾಗ ಒಂದು ಬೆಲ್ಲದ ಪೆಂಟೆಯನ್ನೋ ನಾಲ್ಕು ಕಬ್ಬಿನ ಗಳಗಳನ್ನೋ ತಂದು ಕಟ್ಟೆಯ ಮೇಲೆ ಇಡುತ್ತಿದ್ದ. ಕೂತು ಚಹಾ ಕುಡಿಯುವಾಗ ಮನೆಯ ಮಾತೂ ಬರುತ್ತಿತ್ತು. ತಾಯಿ ಇಲ್ಲ. ಅಥಣಿಗೆ ಕೊಟ್ಟ ಅಕ್ಕ, ಹುಬ್ಬು ಬೆಳೆಸಿಕೊಂಡು ಬರುವುದಾದರೆ ಮನೆಗೆ ಬಾ, ಇಲ್ಲವಾದರೆ ಬರಬೇಡ ಅಂದಿದ್ದಾಳೆ. ಅದನ್ನು ಹೇಳುವಾಗ ಮಾತ್ರ ಅವನು ಕನ್ನಡಿ ನೋಡುತ್ತಿರಲಿಲ್ಲ.

ಒಂದು ಶನಿವಾರ ಗಿರಕಿ ಹೊಡೆಯುವಾಗ ಸೆರಗಿನ ಪಿನ್ನು ಬಿಚ್ಚಿ ವಿಶ್ವನ ಹೆಗಲಿಗೆ ಚುಚ್ಚಿಬಿಟ್ಟಿತಂತೆ. ರಕ್ತದ ಕಲೆಯ ಕುಪ್ಪಸ ಹಿಡಿದುಕೊಂಡು ಬಂದ.

"ಅಕ್ಕಾ, ಈ ಪಿನ್ನಿನ ಕಾಟ ಸಾಕಾತ್ರಿ. ಸೆರಗು ಎಳದ್ರೂ ಜಗ್ಗಬಾರದು, ಹಂಗ ಮಾಡ್ರಿ."

ನನಗೂ ಹುರುಪು ಬಂತು. ಸೆರಗಿನ ನೆರಿಗೆ ಹಿಡಿದು ಕುಪ್ಪಸದ ಹೆಗಲಿಗೆ ಹೊಲಿದೆ, ಹಿಂದಿನಿಂದ ಸೊಂಟ ಸುತ್ತಿಸಿ ಮುಂದೆ ತಂದು ಅದನ್ನೂ ಸೊಂಟದ ಪಟ್ಟಿಗೆ ಕೂಡಿಸಿ ಹೊಲಿದೆ. ಮಷೀನಿನಲ್ಲಿ ಒಂದು ಸಲ, ಮೇಲೆ ಕೈಯಿಂದ ಒಂದು ಸಲ. ಎತ್ತು ಕಟ್ಟಿ ಎಳೆದರೂ ಬಿಚ್ಚುವಂತಿರಲಿಲ್ಲ. ಐದೂ ಸೀರೆಗೆ ಹಾಗೇ ಮಾಡಿಕೊಟ್ಟೆ. ಆ ಕೆಲಸದ ಬಗ್ಗೆ ನನಗೆ ಇದ್ದ ಜಂಭ ಅಷ್ಟಿಷ್ಟಲ್ಲ.

ಶಿವರಾತ್ರಿ ಸಮೀಪಿಸಿತು, ಕಾರ್ಖಾನೆಯ ಚಿಮಣಿಗಳು ಒಂದೊಂದಾಗಿ ತಣ್ಣಗಾದವು. ಆಗಲೇ ವಿಶ್ವ ಸುದ್ದಿ ತಂದ. ಗೋದಾಮಿನ ಮಾಲೀಕರು ಜಾಗ ಮಾರಿದ್ದಾರೆ, ಕೊಂಡವರು ಅದನ್ನೇ ಮಂಗಲ ಕಾರ್ಯಾಲಯ ಮಾಡುತ್ತಾರೆ. ಬೇರೆ ಜಾಗ ಹುಡುಕಲು ದತ್ತೂಮಾಮಾನಿಗೆ ಕಸುವಿಲ್ಲ, ಢೋಲಕಿ ಬಾರಿಸಿ ಬಾರಿಸಿ ಬೆರಳ ಗಂಟು ಬಾತಿವೆ. ಐದು ಜನ ಐದು ದಿಕ್ಕಿಗೆ. ವಿಶ್ವ ಸಾಂಗಲಿ ಕಡೆಯ ಒಂದು ಲಾವಣಿ ಪಾರ್ಟಿ ಸೇರುತ್ತಾನೆ. ಬರುವ ಶನಿವಾರ ಕಡೆಯ ಆಟ. ಬೀಳ್ಕೊಡುಗೆಯ ಕಾರ್ಡಿನಲ್ಲಿ ದತ್ತೂಮಾಮಾ ಮರಾಠಿಯಲ್ಲೂ ಕನ್ನಡದಲ್ಲೂ "ನಿರೋಪ ಸಮಾರಂಭ" ಎಂದೇ ಹಾಕಿಸಿದ್ದ.

"ನೀವು ಒಮ್ಮೆನೂ ನೋಡಾಕ ಬಂದಿಲ್ಲ. ಇದೊಂದಕ್ಕರೇ ಬರ್ರಿ ಅಕ್ಕಾ."

ಹೌದು, ಹೋಗಿರಲಿಲ್ಲ. ಗಂಡನಿಲ್ಲದವಳು ಲಾವಣಿಗೆ ಹೋದಳು ಅಂದರೆ ನಮ್ಮ ಓಣಿಗೆ ಆರು ತಿಂಗಳ ಮಾತು. ಆದರೆ ಆ ಸಂಜೆ ಶೋಭಾ ಮತ್ತು ರೇಖಾ ಅಂಗಡಿಗೆ ಬಂದಾಗ ಸುಮ್ಮನೆ ಹೇಳಿದೆ. ಶೋಭಾ ನಮ್ಮ ಎದುರಿನ ಕಿರಾಣಿ ಅಂಗಡಿಯವಳು, ಜೈನರು, ದೊಡ್ಡ ಕುಟುಂಬದ ಸೊಸೆ. ರೇಖಾ ಹೈಸ್ಕೂಲಿನ ಪಿ.ಟಿ. ಮೇಡಂ, ಅವಳಿಗೊಂದು ಕಾರಿದೆ, ಸೀಟಿ ಊದಿ ಊದಿ ಬಂದ ಗಟ್ಟಿ ಗಂಟಲಿದೆ.

"ನಡೀ ಬೇ, ಮೂರೂ ಜನ ಹೋಗೂನು" ಎಂದಳು ರೇಖಾ.

"ನಮ್ಮ ಮನ್ಯಾಗ ಏನ್ ಹೇಳ್ಲಿ?" ಎಂದಳು ಶೋಭಾ.

"ಟೇಲರ್ ಸುಮಿತ್ರಾನ ಗಿರಾಕಿ ಮನ್ಯಾಗ ಕಾರ್ಯಕ್ರಮ ಐತಿ ಅನ್ನು. ಸುಳ್ಳಲ್ಲಲ್ಲ."

ಶೋಭಾ ಎರಡು ದಿನ ಯೋಚಿಸಿದಳು. ಮೂರನೆಯ ದಿನ ಬಂದವಳು ಬೇರೆಯೇ ಮಾತು ತಂದಿದ್ದಳು. "ಆ ಹುಡುಗನ ಅಕ್ಕ ಮನೀಗೆ ಕರ್ಯಾಂಗಿಲ್ಲ ಅಂದೆಲ್ಲ? ಊರ ಬಿಟ್ಟ ಹೊಂಟಾನ. ಅದೂ ಸೀರಿ ಉಟ್ಟು, ಕುಂಕುಮ ಹಚ್ಚಿ ಕುಣದು ಹೊಂಟಾನ. ಹೆಣ್ಮಗಳು ಹೊಂಟ್ರ ಖಾಲಿ ಸೆರಗೀಲೆ ಕಳಸ್ತೇವೇನು? ಚಂಪಾನ ಉಡಿ ತುಂಬೂನು."

ರೇಖಾ ಬೌದ್ಧರ ಮನೆಯವಳು. "ನಮ್ಮಲ್ಲಿ ಇದೆಲ್ಲ ಇಲ್ಲ. ಆದ್ರೂ ಭಾರಿ ಮಜಾ ಬರ್ತೈತಿ, ಮಾಡೂನು" ಎಂದು ಚಪ್ಪಾಳೆ ತಟ್ಟಿದಳು. ನನಗೆ ಕಣ್ಣು ತುಂಬಿ ಬಂತು. ಇದು ನನಗೆ ಹೊಳೆಯಬೇಕಿತ್ತು, ಹೊಳೆದಿರಲಿಲ್ಲ. ಉಡಿಯ ಮಾತನ್ನೇ ನಾನು ಬಿಟ್ಟು ಎಷ್ಟೋ ಕಾಲವಾಗಿತ್ತು.

ಶನಿವಾರ ಶೋಭಾ ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿದಳು. ಅವರಲ್ಲಿ ದೀಪ ಹಚ್ಚಿದ ಮೇಲೆ ತುತ್ತು ಬಾಯಿಗೆ ಹೋಗುವುದಿಲ್ಲ. ಕಾರಿನಲ್ಲಿ ಹಿಂದಿನ ಸೀಟಿನ ಮೇಲೆ ಹಿತ್ತಾಳೆಯ ತಾಟು, ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು, ಕುಂಕುಮ, ಹಸಿರು ಖಣ, ಮೇಲೊಂದು ಕರವಸ್ತ್ರ. ನನ್ನ ಪರ್ಸಿನಲ್ಲಿ ಎಂದಿನಂತೆ ಸಣ್ಣ ಕತ್ತರಿ. ದೇವರ ಗುಡಿಗೂ ಕತ್ತರಿ ತಗೊಂಡು ಹೋಗ್ತಾಳೆ ಎಂದು ಇಬ್ಬರೂ ನನ್ನನ್ನು ಅಣಕಿಸುತ್ತಾರೆ. ರೇಖಾ ಕಾರು ಓಡಿಸುತ್ತ ಹಾಡುತ್ತಿದ್ದಳು. ಮೂರೂ ಜನ ಕಾಲೇಜು ಹುಡುಗಿಯರ ಹಾಗೆ ನಗುತ್ತ ಅರ್ಧ ದಾರಿ ಬಂದೆವು.

ಆಗ ಶೋಭಾ, ಯಾವ ಕೆಟ್ಟ ಮನಸ್ಸೂ ಇಲ್ಲದೆ, ಅಂದಳು. "ತಾಟು ನಾ ಹಿಡೀತೀನಿ, ನಾನ ತುಂಬತೀನಿ. ಸುಮಿ, ನೀ ಒಂಚೂರು ಹಿಂದ ನಿಂದರು, ಆತೇನ?"

ರೇಖಾ ಹಾಡು ನಿಲ್ಲಿಸಿದಳು. "ಯಾಕ? ಬಟ್ಟಿ ಹೊಲದಾಕಿ ಆಕಿ. ಹುಡುಗನ ಕಷ್ಟಾ ಸುಖಾ ಕೇಳಿದಾಕಿ ಆಕಿ. ಆಕಿ ಯಾಕ ಹಿಂದ?"

"ನಾ ಏನ್ ಮಾಡ್ಲಿ, ಪದ್ಧತಿ..."

"ಇರ್ಲಿ ಬಿಡ ರೇಖಾ" ಎಂದೆ ನಾನು. "ನಾ ಮುಂದಿನ ಕುರ್ಚ್ಯಾಗ ಕುಂತು ನೋಡ್ತೀನಿ. ಅದೇನ ದೊಡ್ಡ ಮಾತು?"

ದೊಡ್ಡ ಮಾತೇ ಆಗಿತ್ತು. ಶೋಭಾಳ ಮೇಲೆ ಸಿಟ್ಟು ಬರಲಿಲ್ಲ. ನನಗೆ ಬೇಸರವಾದದ್ದು, ಅವಳು ಹೇಳುವ ಮೊದಲೇ ನಾನೂ ಹಾಗೇ ಅಂದುಕೊಂಡಿದ್ದೆ ಎಂಬುದಕ್ಕೆ.

ಗೋದಾಮಿನ ಬಾಗಿಲಲ್ಲಿ ಕಾಲಿಟ್ಟದ್ದೇ ಮೂವರಿಗೂ ಸೀನು. ಒಳಗಿದ್ದ ಇನ್ನೂರು ಜನರಲ್ಲಿ ಯಾರಾದರೊಬ್ಬರು ಸೀನುತ್ತಲೇ ಇದ್ದರು. ಅಲ್ಲಿ ಸೀನಿಗೆ ಶಕುನವಿರಲಿಲ್ಲ. ಒಬ್ಬ ಸೀನಿದರೆ ಪಕ್ಕದವನು, "ಪಾವಣೇರು ಹೊಸಬರದಾರ" ಎಂದು ಆ ಅತಿಥಿಯನ್ನು ಅಣಕಿಸಿ ನಗುತ್ತಿದ್ದ. ಗಂಡಸರೇ ಇರುತ್ತಾರೆ ಎಂದು ನಾನು ಹೆದರಿದ್ದೆ. ನೋಡಿದರೆ ಬೀಡಿ ಕಟ್ಟುವ ಹೆಂಗಸರು ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಬಂದಿದ್ದರು, ಅಜ್ಜಿಯರು ಮುಂದೆ ಕಂಬಳಿ ಹಾಸಿಕೊಂಡು ಕೂತಿದ್ದರು. ನನ್ನ ನಾಚಿಕೆಗೆ ಅಲ್ಲಿ ಕೆಲಸವೇ ಇರಲಿಲ್ಲ.

ದತ್ತೂಮಾಮಾ ಬಾತ ಬೆರಳಿಗೆ ಪಟ್ಟಿ ಸುತ್ತಿಕೊಂಡು ಢೋಲಕಿಗೆ ಕೂತ. ಆಮೇಲೆ ಪರದೆ ಸರಿದು ಐವರೂ ಬಂದರು ನೋಡಿ! ನಾನೇ ಹೊಲಿದದ್ದು, ನಾನೇ ಗುರುತು ಹಿಡಿಯಲಿಲ್ಲ. ಕಂಡಕ್ಟರ್ ಎಲ್ಲಿ, ಡೇರಿಯವನು ಎಲ್ಲಿ? ಗೆಜ್ಜೆಯ ಸದ್ದಿಗೆ ಚಾವಣಿಯ ತಗಡು ನಡುಗುತ್ತಿತ್ತು. ವಿಶ್ವ ಕೊನೆಗೆ ಬಂದ, ನೇರಳೆ ಬಣ್ಣದ ನೌವಾರಿ, ಮೂಗಿಗೆ ನತ್ತು. ನಿಂತ ಕಾಲ ಮೇಲೇ ಬುಗುರಿಯ ಹಾಗೆ ತಿರುಗಿದ. ಸೆರಗು ಒಂದು ಎಳೆ ಅಲುಗಲಿಲ್ಲ. "ಅದು ನನ್ನ ಹೊಲಿಗಿ!" ಎಂದು ನಾನು ಕೂಗಿಯೇಬಿಟ್ಟೆ. ರೇಖಾ ಎರಡು ಬೆರಳು ಬಾಯಿಗಿಟ್ಟು ಹೊಡೆದ ಸೀಟಿಗೆ ಗಂಡಸರೆಲ್ಲ ತಿರುಗಿ ನೋಡಿದರು. ಶೋಭಾ ಮೊದಲು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ಮೂರನೆಯ ಲಾವಣಿಗೆ ಕುರ್ಚಿಯಿಂದ ಎದ್ದು ನಿಂತಿದ್ದಳು. ಅಷ್ಟು ನಕ್ಕು, ಅಷ್ಟು ಕೂಗಿ, ನನಗೆ ಎಷ್ಟು ವರ್ಷವಾಗಿತ್ತೋ.

ಕೊನೆಗೆ, ರೇಖಾ ಮೊದಲೇ ಕಿವಿಯಲ್ಲಿ ಹೇಳಿಟ್ಟಿದ್ದಂತೆ, ದತ್ತೂಮಾಮಾ ಮೈಕ್ ಹಿಡಿದು, ಚಿಕ್ಕೋಡಿಯಿಂದ ಬಂದ ಅಕ್ಕಂದಿರು ನಮ್ಮ ಚಂಪಾಳ ಉಡಿ ತುಂಬುತ್ತಾರೆ ಎಂದು ಹೇಳಿದ. ಶೋಭಾ ತಾಟು ಹಿಡಿದು ಮೆಟ್ಟಿಲು ಹತ್ತಿದಳು. ರೇಖಾ ಅವಳ ಹಿಂದೆ. ನಾನು ಕುರ್ಚಿಯಲ್ಲಿ.

ವಿಶ್ವನಿಗೆ ಇದು ಗೊತ್ತೇ ಇರಲಿಲ್ಲ. ಒಂದು ಕ್ಷಣ ಪೆಚ್ಚಾಗಿ ನಿಂತವನು, ಆಮೇಲೆ ಮೂಡಣಕ್ಕೆ ಮುಖ ಮಾಡಿ, ತಲೆ ಬಗ್ಗಿಸಿ, ಎರಡೂ ಕೈಯಿಂದ ಸೆರಗು ಒಡ್ಡಲು ಹೋದ. ಸೆರಗು ಬರಲಿಲ್ಲ. ಎಳೆದ, ಜಗ್ಗಲಿಲ್ಲ. ಸೊಂಟದ ಹತ್ತಿರ ತಡಕಿದ, ಅಲ್ಲಿಯೂ ಹೊಲಿಗೆ. ಉಡಿ ತುಂಬಬೇಕಾದರೆ ಒಡ್ಡಲು ಸೆರಗು ಬೇಕು ಎಂಬುದು ನಮ್ಮ ಮೂವರಲ್ಲಿ ಒಬ್ಬರಿಗೂ ನೆನಪಾಗಿರಲಿಲ್ಲ. ನಾನಂತೂ ಅದನ್ನು ಹೊಲಿದವಳು!

"ಟೇಲರಕ್ಕಾ!" ವಿಶ್ವ ಸ್ಟೇಜಿನಿಂದಲೇ ಕೂಗಿದ. "ಏನ್ ಹೊಲದೀರಿ ಇದನ್ನ! ಬರ್ರಿ ಮ್ಯಾಲ!"

ಇಡೀ ಗೋದಾಮು ನಗುತ್ತಿತ್ತು. ನಾನು ಪರ್ಸಿನಿಂದ ಕತ್ತರಿ ತೆಗೆದು ಮೇಲೆ ಹತ್ತಿದೆ. ಚಾಳೀಸು ಮೂಗಿಗೇರಿಸಿ ಅವನ ಮುಂದೆ ಮೊಣಕಾಲೂರಿ, ಸೊಂಟದ ಹೊಲಿಗೆಯನ್ನು ಒಂದೊಂದೇ ಕತ್ತರಿಸಿದೆ. ಎರಡು ಸಲ ಹಾಕಿದ್ದೆನಲ್ಲ, ಬೇಗ ಬಿಚ್ಚುವಂಥದ್ದಲ್ಲ. ಅಷ್ಟರಲ್ಲಿ ಜನರ ನಗು ಅಡಗಿತ್ತು. ಆಮೇಲೆ ಹೆಗಲಿನದು. ಕಡೆಯ ದಾರ ತುಂಡಾದಾಗ ಸೆರಗು ಬಿಚ್ಚಿಕೊಂಡು ನನ್ನ ಕೈ ಮೇಲೆ ಬಿತ್ತು. ಅದನ್ನು ಅವನ ಎರಡೂ ಕೈಗೆ ಕೊಟ್ಟು, ಎದ್ದು ಹಿಂದೆ ಸರಿಯಲು ಹೋದೆ. ಹಿಂದೆ ನಿಲ್ಲಬೇಕು ಎಂದು ಆಗಲೇ ಮಾತಾಗಿತ್ತಲ್ಲ.

"ಎಲ್ಲಿ ಹೊಂಟ್ರಿ?" ಎಂದ ವಿಶ್ವ. "ನೀವ ತುಂಬ್ರಿ."

ಕಂಬಳಿಯ ಮೇಲೆ ಕೂತಿದ್ದ ಅಜ್ಜಿಯೊಬ್ಬಳು, "ಏ ಯವ್ವಾ, ಆಕಿ ಕೊಳ್ಳಾಗ ತಾಳಿ ಇಲ್ಲಲ್ಲ ಬೇ" ಎಂದಳು. ಮೆಲ್ಲಗೇ ಅಂದಳು, ಎಲ್ಲರಿಗೂ ಕೇಳಿಸಿತು. ನಾನು ಶೋಭಾಳ ಮುಖ ನೋಡಿದೆ. ಅವಳೂ ನನ್ನ ಮುಖ ನೋಡಿದಳು, ತಾಟು ನೋಡಿದಳು, ನನ್ನ ಕೈಯ ಕತ್ತರಿ ನೋಡಿದಳು. ಆಮೇಲೆ ತಾಟನ್ನು ನನ್ನ ಎದೆಯ ಮಟ್ಟಕ್ಕೆ ಹಿಡಿದಳು.

"ತುಂಬ ಬೇ ಸುಮಿ. ನನ್ನ ಎರಡೂ ಕೈಯಾಗ ತಾಟ ಐತಿ, ನಾ ಹ್ಯಾಂಗ ತುಂಬ್ಲಿ?"

ನಾನು ಕತ್ತರಿಯನ್ನು ರೇಖಾಳ ಕೈಗೆ ಕೊಟ್ಟೆ. ವಿಶ್ವನ ಹಣೆಗೆ ಕುಂಕುಮ ಹಚ್ಚಿ ಐದು ಹಿಡಿ ಅಕ್ಕಿ ಅವನ ಸೆರಗಿಗೆ ಹಾಕಿದೆ. ಕೊಬ್ಬರಿ ಇಟ್ಟೆ, ಖಣ ಇಟ್ಟೆ. ನನ್ನ ಕೈ ಮರೆತಿರಲಿಲ್ಲ.

ಉಡಿ ತುಂಬಿಸಿಕೊಂಡವರು ಅದರೊಳಗಿನ ಒಂದಿಷ್ಟು ಅಕ್ಕಿಯನ್ನು ತಿರುಗಿ ತಾಟಿಗೆ ಹಾಕಿ ಹೋಗುವುದು ರೂಢಿ. ವಿಶ್ವ ಹಿಡಿ ತುಂಬ ಅಕ್ಕಿ ತೆಗೆದ. ತಾಟಿನ ಕಡೆ ಹೋದ ಕೈಯನ್ನು ನಡುವೆಯೇ ನಿಲ್ಲಿಸಿ, ನನ್ನ ಕಡೆ ತಿರುಗಿದ.

"ಅಕ್ಕಾ, ಸೆರಗ ಒಡ್ರಿ."

"ನನಗ ನಡ್ಯಾಂಗಿಲ್ಲಪಾ" ಎಂದೆ. ಅಷ್ಟು ಸಣ್ಣ ದನಿ ನನ್ನದು ಎಂದು ನನಗೇ ಗೊತ್ತಿರಲಿಲ್ಲ.

"ನನಗರೇ ನಡೀತೈತೇನ್ರಿ? ನಾ ಗಂಡಸು. ನನಗ ತುಂಬಿದ್ರಿಲ್ಲ?"

ಗೋದಾಮಿನಲ್ಲಿ ಸೀನುವವರೂ ಇರಲಿಲ್ಲ. ನಾನು ಸೊಂಟದಿಂದ ಸೆರಗು ಬಿಡಿಸಿ ಒಡ್ಡಿದೆ. ಅಕ್ಕಿ ಬಿತ್ತು. ಬಿಸಿಯಾಗಿತ್ತು, ಅವನ ಅಂಗೈಯ ಬೆವರಿಗೆ. ರೇಖಾ ಕತ್ತರಿ ಹಿಡಿದುಕೊಂಡೇ ಸೀಟಿ ಹೊಡೆದಳು. ದತ್ತೂಮಾಮಾ ಆ ಬಾತ ಬೆರಳಿನಿಂದ ಢೋಲಕಿಯ ಮೇಲೆ ಒಂದು ತೋಡಾ ಬಾರಿಸಿದ. ಗೋದಾಮು ಎದ್ದು ನಿಂತಿತು. ತಾಳಿ ಇಲ್ಲ ಎಂದಿದ್ದ ಅಜ್ಜಿ ಮೂಗು ಒರೆಸಿಕೊಳ್ಳುತ್ತಿದ್ದಳು. ತಂಬಾಕಿನ ಘಾಟಿಗೋ ಅಳುವಿಗೋ, ನಾನು ಕೇಳಲು ಹೋಗಲಿಲ್ಲ.

ಮರುದಿನ ಆ ಅಕ್ಕಿಯಿಂದ ಪಾಯಸ ಮಾಡಿದೆ. ಆರಿಸುವಾಗ ಒಂದೆರಡು ಕಾಳಿಗೆ ಅವನ ಮೇಕಪ್ಪಿನ ಮಿಂಚು ಅಂಟಿತ್ತು. ಶೋಭಾಳಿಗಾಗಿ ಹೊತ್ತು ಮುಳುಗುವ ಮೊದಲೇ ಮೂವರೂ ಕೂತು ಉಂಡೆವು. ಶೋಭಾ ಎರಡನೇ ಸಲ ಬಡಿಸಿಕೊಂಡಳು.

ವಿಶ್ವ ಈಗಲೂ ಸಾಂಗಲಿ ಕಡೆ ಕುಣಿಯುತ್ತಾನೆ, ಸೀರೆ ನನ್ನಿಂದಲೇ ಹೊಲಿಸುತ್ತಾನೆ. ಸೆರಗಿಗೆ ಮಾತ್ರ ಹೊಲಿಗೆ ಬೇಡ ಅಂದಿದ್ದಾನೆ. "ಟಿಚ್ ಬಟನ್ ಹಚ್ರಿ ಅಕ್ಕಾ. ಯಾವಾಗ ಯಾರು ಉಡಿ ತುಂಬ್ತಾರೋ ಏನೋ" ಎಂದು ಫೋನಿನಲ್ಲಿ ನಗುತ್ತಾನೆ.

ಇಷ್ಟೆಲ್ಲ ಆ ಗುಲಾಬಿ ಗೋಡೆಯ ಮದುವೆ ಮನೆಯಲ್ಲಿ ನೆನಪಾಗುವಷ್ಟರಲ್ಲಿ ತಾಟು ನಮ್ಮ ಸಾಲಿನ ನಡುವಿಗೆ ಬಂದಿತ್ತು. ಅಲಖನೂರಿನವರು ಚಪ್ಪಲಿ ಮೆಟ್ಟಿ ಎದ್ದೇಬಿಟ್ಟಿದ್ದರು. ನಾನು ಅವರ ಮುಂಗೈ ಹಿಡಿದುಕೊಂಡೆ.

"ಕೂಡ್ರಿ."

"ಇಲ್ರಿ, ಒಂದೀಟ ನೀರು..."

"ನೀರು ಆಮ್ಯಾಲೆ ಕುಡಿಯೂನು, ಇಬ್ಬರೂ ಕೂಡಿ. ಈಗ ಕೂಡ್ರಿ."

ಅವರು ಅರ್ಧ ಕೂತರು. ಹುಡುಗಿ ನನ್ನ ಮುಂದೆ ಬಂದಳು, ನನ್ನ ಕೊರಳು ನೋಡಿ ತಡವರಿಸಿದಳು. ಅವಳ ಕಣ್ಣು ಆಗಲೇ ಮುಂದಿನ ಕುರ್ಚಿಗೆ ಹೋಗಿತ್ತು. ನಾನು ಸೆರಗು ಒಡ್ಡಿದೆ.

"ಹಾಕವಾ. ಹಿಡಿ ತುಂಬ ಹಾಕು, ಚಿವುಟಿ ಹಾಕಬ್ಯಾಡ."

ಹುಡುಗಿ ಹಾಕಿದಳು. ನಾನು ಅದರಲ್ಲಿ ಒಂದು ಹಿಡಿ ತೆಗೆದೆ. ತಾಟಿಗೆ ಹಾಕಲಿಲ್ಲ, ಪಕ್ಕಕ್ಕೆ ತಿರುಗಿದೆ. ಅಲಖನೂರಿನವರು ನನ್ನ ಕೈಯನ್ನೇ ನೋಡುತ್ತಿದ್ದರು. ಮೆಲ್ಲಗೆ ಅವರ ಬೆರಳು ಸೊಂಟಕ್ಕೆ ಹೋಯಿತು, ಬಿಗಿಯಾಗಿ ಸಿಕ್ಕಿಸಿದ್ದ ಸೆರಗನ್ನು ಬಿಡಿಸತೊಡಗಿತು.